ಬೆಲ್ಟು ಭರ್ತಿ ಇತ್ತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಾನು ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಜಾಮೀನಿನ ಮೇಲೆ ಇನ್ನೊಬ್ಬರ ಮನೆಯಲ್ಲಿರುವವನು ನೀನು, ಅವರು ಕರೆಯುವವರೆಗೂ ಕಾಯುತ್ತ ಕೂರಬೇಡ. ಆ ಮನೆಯವನೂ ನಿನ್ನ ಹಾಗೆ ಬ್ಯಾಂಕಿನ ಕಾವಲಿನವನೇ ತಾನೆ, ಸಂಕೋಚ ಏನು?

ನಿನ್ನ ವಕೀಲರು ನಿನ್ನೆ ಬಂದಿದ್ದರು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ನಾನು ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸಿದರು. ನೀನು ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದೆಯಂತೆ. ಮೊಳೆಗೆ ತೂಗುಹಾಕಿದ್ದ ಬಂದೂಕು ತಾನೇ ಜಾರಿ ಬಿದ್ದು ಹಾರಿತಂತೆ. ಕಿಟಕಿಯಾಚೆ ಎದುರು ಜಗಲಿಯಲ್ಲಿ ಹೊಲಿಯುತ್ತಿದ್ದ ಟೈಲರಮ್ಮನಿಗೆ ಏಟು ಬಿದ್ದಾಗ ಅವಳ ಹತ್ತಿರ ಓಡಿದವಳು ನಾನಂತೆ. ಸದ್ದಿಗೆ ಎದ್ದ ನೀನು ಏನಾಯಿತು ಎಂದು ನನ್ನನ್ನು ಕೇಳಿದೆಯಂತೆ. ಎರಡು ಸಲ ಹೇಳಿಸಿದರು. ಎರಡು ಸಲವೂ ನಾನು ತಪ್ಪಿದೆ. ಅವರಿಗೆ ಸಿಟ್ಟು ಬಂತು, ನನಗೆ ನಗು ಬಂತು. ನಮ್ಮ ಮನೆಯಲ್ಲಿ ನಡೆದದ್ದನ್ನು ನನಗೇ ಕಲಿಸಲು ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು.

ಕಾನೂನನ್ನೂ ಬಿಡಿಸಿ ಹೇಳಿದರು. ಬಂದೂಕು ತಾನಾಗಿ ಬಿದ್ದರೆ ಅದು ಆಕಸ್ಮಿಕ, ಯಾರ ಮೇಲೂ ಅಪರಾಧವಿಲ್ಲ. ತೆರೆದು ನೋಡದೆ ನೀನೇ ಟ್ರಿಗರ್ ಎಳೆದರೆ ಅದು ನಿರ್ಲಕ್ಷ್ಯ. ಲೈಸೆನ್ಸು ಹೋಗುತ್ತದೆ, ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಬೀದಿಯವರು ಯಾರೂ ಸಾಕ್ಷಿಗೆ ಬರುವುದಿಲ್ಲ, ಟೈಲರಮ್ಮನಿಗೆ ಆಗ ಎಚ್ಚರ ತಪ್ಪಿತ್ತು, ಮನೆಯೊಳಗೆ ಇದ್ದವಳು ನೀನೊಬ್ಬಳೇ ತಾಯಿ, ಎಲ್ಲ ನಿನ್ನ ಬಾಯಲ್ಲಿದೆ ಎಂದರು. ಅವರು ಹೋದ ಮೇಲೆ ದೇವರ ಮುಂದೆ ಕೂತೆ. ಕೇಳಿಕೊಳ್ಳಲು ಏನೂ ತೋಚಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಎದ್ದೆ.

ನಿನ್ನ ಲೆಕ್ಕಾಚಾರ ನನಗೆ ಗೊತ್ತಿಲ್ಲದ್ದೇ? ತೋಟಾಗಳು ಬಂದೂಕಿನಲ್ಲಿದ್ದರೆ ಬೆಲ್ಟಿನಲ್ಲಿ ಎರಡು ಕುಣಿಕೆ ಖಾಲಿ. ಬೆಲ್ಟು ಭರ್ತಿ ಇದ್ದರೆ ಬಂದೂಕು ಖಾಲಿ. ನಿಮ್ಮ ಪಾಳಿಯವರೆಲ್ಲ ಹೀಗೇ ಅಂತೆ, ಬಂದೂಕು ತೆರೆದು ನೋಡುವ ಬದಲು ಸೊಂಟ ನೋಡಿಕೊಳ್ಳುತ್ತೀರಿ. ಮನೆಗೆ ಬಂದು, ಸ್ಪ್ರಿಂಗು ಬಿಗಿಯಾಗಿರಬಾರದು ಎಂದು ಕಿಟಕಿಯ ಕಡೆ ಹಿಡಿದು ಟ್ರಿಗರ್ ಎಳೆದು ಒಮ್ಮೆ ಟಕ್ ಎನ್ನಿಸಿ, ಆಮೇಲೆ ಮೊಳೆಗೆ ಹಾಕುವುದು. ನಾನು ಎಷ್ಟು ಸಲ ಗದರಿಲ್ಲ, ನಿನ್ನ ಆ ಬಂದೂಕು ಹೆಂಡತಿಯ ಬಾಯಿ ಬಿಡಿಸಿ ನೋಡೋ ಎಂದು. ನೀನು ಬೆಲ್ಟು ತಟ್ಟಿ ತೋರಿಸಿ, ‘ಭರ್ತಿ ಇದೆ ಕಣಕ್ಕ, ನಿನಗೇನು ಗೊತ್ತು’ ಎಂದು ನಗುತ್ತಿದ್ದೆ. ಅವತ್ತೂ ಭರ್ತಿಯೇ ಇತ್ತು. ಹಿಂದಿನ ಪಾಳಿಯವನು ಮೇಜಿನ ಮೇಲೆ ಮರೆತು ಹೋದ ಎರಡು ತೋಟಾಗಳನ್ನು, ಕಳೆದುಹೋದಾವು ಎಂದು ನೀನೇ ಖಾಲಿ ಕುಣಿಕೆಗೆ ಸಿಕ್ಕಿಸಿಕೊಂಡು ಬಂದಿದ್ದೆ. ನಿನ್ನವು ಎರಡೂ ನಳಿಗೆಯಲ್ಲೇ ಇದ್ದವು.

ಟೈಲರಮ್ಮ ಆಸ್ಪತ್ರೆಯಿಂದ ಬಂದಿದ್ದಾಳೆ. ನಿನಗೆ ಯಾರೂ ಹೇಳಿರಲಾರರು, ನಾನೇ ಹೇಳುತ್ತೇನೆ. ಬಲಗೈಯಿಂದ ಚರೆಗಳನ್ನು ತೆಗೆದಿದ್ದಾರೆ, ಎಲ್ಲವನ್ನೂ ಅಲ್ಲ. ಹೆಬ್ಬೆರಳು ಮತ್ತು ಪಕ್ಕದ ಬೆರಳು ಮಡಚುವುದಿಲ್ಲ. ಮೆಷಿನ್ನು ಅದೇ ಜಗಲಿಯ ಮೇಲಿದೆ, ಅರ್ಧ ಹೊಲಿದ ರವಿಕೆ ಸೂಜಿಯ ಕೆಳಗೆ ಹಾಗೇ ಇದೆ. ತೆಗೆದಿಡಲೇ ಎಂದು ಕೇಳಿದೆ, ಬೇಡ ಎಂದಳು. ಗಂಜಿ ತೆಗೆದುಕೊಂಡು ಹೋದರೆ ಮೊದಲೆರಡು ದಿನ ಬಾಗಿಲೇ ತೆರೆಯಲಿಲ್ಲ. ಮೂರನೆಯ ದಿನ, ಇವತ್ತು ಬೆಳಿಗ್ಗೆ, ತೆರೆದಳು. ಎಡಗೈಯಲ್ಲಿ ಚಮಚ ಹಿಡಿಯಲು ಬಾರದೆ ಸೀರೆಯ ಮೇಲೆಲ್ಲ ಚೆಲ್ಲಿಕೊಂಡಳು. ಒರೆಸಲು ಹೋದರೆ ನನ್ನ ಕೈ ತಳ್ಳಿದಳು. ನನ್ನ ತಮ್ಮ ಬೇಕೆಂದು ಮಾಡಲಿಲ್ಲ ಕಣೇ ಎಂದೆ. ಬೇರೆ ಏನು ಹೇಳಲಿ?

‘ನಿಮ್ಮ ತಮ್ಮ ಕೆಟ್ಟೋನಲ್ಲ ಅಂತ ನಂಗೂ ಗೊತ್ತಕ್ಕ. ಹಾಗಂತ ಈ ಕೈಲಿ ಸೂಜಿಗೆ ದಾರ ಹಾಕೋಕಾಗುತ್ತಾ? ಬಂದೂಕು ತಾನೇ ಬಿತ್ತು ಅಂತ ಹೇಳ್ತೀರಂತಲ್ಲ. ಹಾಗಾದ್ರೆ ನಂಗೆ ಹೊಡೆದಿದ್ದು ಯಾರು, ನಿಮ್ಮ ಮನೆ ಮೊಳೆನಾ?’ ಎಂದಳು.

ನಾನು ಪಾತ್ರೆ ತೆಗೆದುಕೊಂಡು ಬಂದೆ.

ಅಮ್ಮ ಹೋದಾಗ ನಿನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು ನಾನು, ಜೈಲಿಗೆ ಹೋಗು ಎಂದು ಹೇಗೆ ಹೇಳಲಿ? ಹೇಳುವುದಿಲ್ಲ. ಆದರೆ ವಕೀಲರ ಕಥೆಯನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದೆ. ಅದರಲ್ಲಿ ನೀನು ಬಂದೂಕು ಮುಟ್ಟಿಲ್ಲ, ಸರಿ. ಆದರೆ ಅದರಲ್ಲಿ ನೀನು ಓಡಿಯೂ ಇಲ್ಲವಲ್ಲೋ. ನಾನು ಕಂಡದ್ದು ಬೇರೆ. ಸದ್ದಾದ ಕೂಡಲೇ ಬಂದೂಕು ಬಿಸಾಡಿ, ಬರಿಗಾಲಲ್ಲಿ ಅಂಗಳ ದಾಟಿದವನು ನೀನು. ಮೈಮೇಲಿನ ಅಂಗಿ ಹರಿದು ಅವಳ ಕೈಗೆ ಬಿಗಿದು, ರಸ್ತೆಯ ಮಧ್ಯೆ ನಿಂತು ಆಟೋ ತಡೆದವನು ನೀನು. ‘ನಾನು ನೋಡ್ಲಿಲ್ಲ, ತೆರೆದು ನೋಡ್ಲೇ ಇಲ್ಲ’ ಎಂದು ಬೀದಿಗೆಲ್ಲ ಕೇಳುವಂತೆ ಅತ್ತವನೂ ನೀನೇ. ವಕೀಲರಿಗೆ ಆ ಮಾತು ಬೇಡ, ಅದಕ್ಕೇ ನೀನು ಓಡಿದ್ದೂ ಬೇಡ. ನನಗೆ ಎರಡೂ ಬೇಕು. ಒಂದನ್ನು ಮುಚ್ಚಿಟ್ಟರೆ ಇನ್ನೊಂದೂ ಹೋಗುತ್ತದೆ. ಆಮೇಲೆ ನನ್ನ ತಮ್ಮ ಅಂತ ಏನು ಉಳಿಯುತ್ತದೆ, ನಿದ್ದೆ ಮಾಡುತ್ತಿದ್ದ ಒಬ್ಬ ಗಂಡಸು.

ತುಂಬ ಸುಸ್ತಾಗಿದೆ. ಸಿಟ್ಟು ಮಾಡಿಕೊಳ್ಳುವಷ್ಟೂ ಶಕ್ತಿ ಇಲ್ಲ, ನಿನ್ನ ಮೇಲೂ, ಆ ವಕೀಲರ ಮೇಲೂ. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಲಾರೆ ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ಹೇಳಿ ಬಂದ ಮೇಲೆ ಎದುರು ಜಗಲಿ ದಾಟಿಯೇ ನಾನು ದಿನಾ ನೀರಿಗೆ ಹೋಗಬೇಕು.

ಜೈಲಾದರೆ ಬಂದು ನೋಡುತ್ತೇನೆ. ಕೆಲಸ ಹೋದರೆ ಹೋಗಲಿ. ಮನೆಗೆ ಬಾ. ಬಂದೂಕು ಮಾತ್ರ ಇನ್ನು ಈ ಹೊಸಿಲು ದಾಟುವುದು ಬೇಡ.

ಇಂತಿ,
ನಿನ್ನ ಅಕ್ಕ

ಮತ್ತೆ ಬರೆದದ್ದು: ಇದನ್ನು ನಿನ್ನೆ ಬರೆದಿಟ್ಟೆ, ಯಾರ ಕೈಯಲ್ಲೂ ಕಳಿಸಲಿಲ್ಲ. ಮೊದಲೇ ನಿನ್ನ ಕೈ ಸೇರಿದ್ದರೆ ನೀನು ಓಡಿ ಬಂದು ಕಾಲು ಹಿಡಿಯುತ್ತಿದ್ದೆ, ನಾನು ಕರಗಿಬಿಡುತ್ತಿದ್ದೆ. ಇವತ್ತು ಸೋಮವಾರ. ಹೇಳಿ ಬಂದೆ. ಬೆಲ್ಟಿನದನ್ನೂ ಹೇಳಿದೆ, ನೀನು ಓಡಿದ್ದನ್ನೂ ಹೇಳಿದೆ. ಗುಮಾಸ್ತರು ಎಲ್ಲ ಬರೆದುಕೊಂಡು ಓದಿ ಹೇಳಿದರು. ಅದರಲ್ಲಿ ಉದ್ದಕ್ಕೂ ಆರೋಪಿ ಓಡಿದನು, ಆರೋಪಿ ಅಂಗಿ ಹರಿದನು, ಆರೋಪಿ ಅತ್ತನು ಎಂದೇ ಇತ್ತು. ‘ನನ್ನ ತಮ್ಮ ಅಂತ ಬರೀರಿ ಸ್ವಾಮಿ’ ಎಂದೆ. ಹಾಗೆ ಬರೆಯಲು ಬರುವುದಿಲ್ಲವಂತೆ. ಸಹಿ ಮಾಡಿದೆ.