ಶನಿವಾರದ ದನಿಯನ್ನು ಅಳಿಸಿದವರಿಗೆ

ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕೇಂದ್ರ ನನ್ನ ಗಂಡನ ದನಿಯನ್ನು ಅಳಿಸಿಹಾಕಿದೆ. ತಪ್ಪು ನನ್ನದೇ ಎಂದು ಹೇಳಿ ನೀವು ನನ್ನನ್ನು ಮನೆಗೆ ಕಳಿಸಿದ್ದೀರಿ. ನೀವು ನಮ್ಮನ್ನೆಲ್ಲ ಕರೆದದ್ದು ಸಭೆಯಲ್ಲಿ, ಮೈಕ್ ಹಿಡಿದು. ಆದ್ದರಿಂದ ನಾನೂ ನಾಲ್ಕು ಜನರಿಗೆ ಕೇಳುವ ಹಾಗೆಯೇ ಬರೆಯುತ್ತಿದ್ದೇನೆ.

ಆ ಭಾಷಣ ನೆನಪಿದೆಯೇ? ನವರಾತ್ರಿ ಮುಗಿದ ಮರುವಾರ, ಡೊಂಬಿವಲಿಯಲ್ಲಿ ನಮ್ಮ ಕನ್ನಡಿಗರ ಸಭೆ. "ಟ್ಯಾಬನ್ನು ಕಂಪ್ಯೂಟರಿಗೆ ಜೋಡಿಸುವುದು ಮಿಕ್ಸಿಗೆ ಜಾರ್ ಕೂರಿಸಿದಷ್ಟೇ ಸುಲಭ. ಏನೂ ಗೊತ್ತಿಲ್ಲದವರೇ ಬನ್ನಿ. ನಾವು ನಿಮ್ಮವರೇ ಅಲ್ವಾ?" ಎಂದಿರಿ. ನಾನು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಏನೂ ಗೊತ್ತಿಲ್ಲ ಎಂಬ ಅರ್ಹತೆಯಾದರೂ ನನ್ನಲ್ಲಿ ಭರ್ತಿ ಇತ್ತು.

ನನ್ನ ಯಜಮಾನರು ಪ್ರೇಮನಾಥರು ಐರೋಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಶನಿವಾರ ಸಂಜೆ ಮಾತ್ರ ರಜೆ ಕೇಳಿ, ಎಂಐಡಿಸಿ ಬಡಾವಣೆಯ ನಮ್ಮ ಶನಿಪೂಜಾ ಸಮಿತಿಯಲ್ಲಿ ಗ್ರಂಥ ಓದಿ ಅರ್ಥ ಹೇಳುತ್ತಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯಾದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ, ಅವರ ಕೊನೆಯ ಓದನ್ನು ಮಗಳು ಮಾನಸಿ ಟ್ಯಾಬಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಓದಿನ ನಡುವೆ ಅವರು ತಡೆದು, "ಲೋಲಾ, ಒಂತೆ ನೀರ್ ಕೊರ್ಲ" ಎಂದು ತುಳುವಿನಲ್ಲಿ ನನ್ನ ಹತ್ತಿರ ಸ್ವಲ್ಪ ನೀರು ಕೇಳುತ್ತಾರೆ. ಆಪರೇಷನ್ ಆದ ಮೇಲೆ ಪ್ರತಿ ಶನಿವಾರ ದೀಪ ಹಚ್ಚಿದ ಕೂಡಲೇ ಅವರು ಟ್ಯಾಬಿನ ಕಡೆ ಕೈ ತೋರಿಸುತ್ತಿದ್ದರು. ನಾನು ಆ ರೆಕಾರ್ಡ್ ಹಾಕುತ್ತಿದ್ದೆ. ನೀರಿನ ಮಾತು ಬಂದಾಗ ನಿಜವಾಗಿಯೂ ಲೋಟ ತಂದಿಡುತ್ತಿದ್ದೆ, ಅವರು ನಗುತ್ತಿದ್ದರು. ಅವರು ನನ್ನ ಹೆಸರು ಕರೆಯುವುದು ಈ ಲೋಕದಲ್ಲಿ ಉಳಿದದ್ದು ಅದೊಂದೇ ಕಡೆ.

ಟ್ಯಾಬ್ ಹಳತಾಗುತ್ತಿತ್ತು. ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರಲಿ ಎಂದು ಮಾನಸಿಗೆ ಹೇಳಿದರೆ, ಸೀವುಡ್ಸ್‌ನ ಆಫೀಸಿನಿಂದ ಸುಸ್ತಾಗಿ ಬಂದವಳು "ಸಂಡೇ ಕೋ ಕರ್ತೀ ಹೂಂ, ಮಮ್ಮಿ" ಅನ್ನುತ್ತಿದ್ದಳು. ಎಷ್ಟು ಭಾನುವಾರ ಕಾಯುವುದು? ನಾನೇ ಕಲಿಯುತ್ತೇನೆ ಎಂದು ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಮ್ಮಲ್ಲಿಗೆ ಬಂದೆ.

ನಿಮ್ಮ ಶಿಕ್ಷಕರು ಕೇಬಲ್ ಸಿಕ್ಕಿಸಿದರು. ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. "ಹ್ಯಾಂಗ್ ಆಗಿದೆ ಆಂಟಿ, ರೀಸೆಟ್ ಮಾಡ್ತೇನೆ, ಟೆನ್ಶನ್ ತಗೊಳ್ಬೇಡಿ" ಎಂದರು.

"ಒಳಗೆ ನಮ್ಮವರ ಓದು ಉಂಟು ಮಾರಾಯ್ರೇ, ಅದು ಹೋಗುದಿಲ್ಲ ಅಲ್ವಾ?" ಎಂದು ನಾನು ಕೇಳಿದೆ.

ನೀವು ಪಕ್ಕದಲ್ಲೇ ಇದ್ದಿರಿ. "ಏನೂ ಆಗುದಿಲ್ಲಮ್ಮ, ನಮ್ಮ ಸರ್ ಮೇಲೆ ಭರವಸೆ ಇಡಿ" ಎಂದವರು ನೀವೇ. ಇಟ್ಟೆ. ಟ್ಯಾಬ್ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಎದ್ದು, ಯಾವ ಭಾಷೆ ಎಂದು ಕೇಳಿತು. ಕಂಪ್ಯೂಟರಿಗೆ ಮಾತ್ರ ಆಗಲೂ ಜೋಡಣೆಯಾಗಲಿಲ್ಲ.

ಮನೆಯಲ್ಲಿ ಮಾನಸಿ ಕೇಬಲ್ ಸಿಕ್ಕಿಸುವ ತೂತನ್ನು ಸೇಫ್ಟಿಪಿನ್ನಿನಿಂದ ಕೆದಕಿದಳು. "ಮಮ್ಮಿ, ಯೇ ತೋ ಕುಂಕು ಹೈ!" ಎಂದಳು. ಹೌದು, ಆಯುಧಪೂಜೆಯ ದಿನ ಕತ್ತಿ, ಮಿಕ್ಸಿ, ಸ್ಕೂಟರಿನ ಸಂಗಡ ಟ್ಯಾಬಿಗೂ ಗಂಧ ಕುಂಕುಮ ಹಚ್ಚಿದವಳು ನಾನೇ. ಚಾರ್ಜಿನ ತೂತು ಬೇರೆ ಇದ್ದುದರಿಂದ ಗೊತ್ತಾಗಿರಲಿಲ್ಲ. ನಗುವುದಿದ್ದರೆ ನಗಿ. ಕೆದಕಿ ತೆಗೆದದ್ದೇ ತಡ, ಟ್ಯಾಬ್ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡಿತು. ಒಳಗೆ ಏನೂ ಇರಲಿಲ್ಲ. ನನ್ನ ಕುಂಕುಮ ದಾರಿಗೆ ಅಡ್ಡ ನಿಂತಿತ್ತು, ಒಪ್ಪಿದೆ. ಆದರೆ ಒಳಗಿದ್ದುದನ್ನು ಬಳಿದು ತೆಗೆದದ್ದು ಕುಂಕುಮವೇ?

ಅಳುತ್ತಾ ನಿಮ್ಮ ಹತ್ತಿರ ಬಂದೆ. "ಬ್ಯಾಕಪ್ ಇಟ್ಟುಕೊಳ್ಳುವುದು ಬಳಕೆದಾರರ ಜವಾಬ್ದಾರಿ. ಅಷ್ಟೂ ಗೊತ್ತಿರಬೇಕಲ್ಲಮ್ಮ" ಎಂದಿರಿ. ಮಾನ್ಯರೇ, ಅದನ್ನು ಕಲಿಯಲಿಕ್ಕೇ ಅಲ್ಲವೇ ನಾನು ಬಂದದ್ದು? ಗೊತ್ತಿಲ್ಲದವರೇ ಬನ್ನಿ ಎಂದು ಕರೆದು, ಬಂದ ಮೇಲೆ ಗೊತ್ತಿರಬೇಕಿತ್ತು ಅಂದರೆ ಇದು ಯಾವ ಸೀಮೆಯ ಪಾಠ? ಗೊತ್ತಿದ್ದವರಿಗೆ ಮಾತ್ರ ಕಲಿಸುವ ಇಂಥ ಅಪರೂಪದ ಶಾಲೆಗೆ ಬೋರ್ಡು ಬೇರೆ ಏಕೆ? ಯಾರೋ ಪರಕೀಯರು ಮಾಡಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ. ನೀವು ನಮ್ಮವರು ಎಂದಿರಿ. ಆ ಒಂದು ಮಾತಿಗೆ ಮೋಸ ಹೋದೆ, ಹೊಟ್ಟೆ ಉರಿಯುವುದು ಅದಕ್ಕೇ.

ಯಜಮಾನರಿಗೆ ವಿಷಯ ತಿಳಿದಿದೆ. ಆದರೂ ಕಳೆದ ಶನಿವಾರ ದೀಪ ಹಚ್ಚಿದಾಗ ರೂಢಿಯಂತೆ ಕೈ ಎತ್ತಿದರು. ನೆನಪಾಗಿ, ಕೈಯನ್ನು ಮೆಲ್ಲನೆ ಮಡಿಲಿಗೆ ಇಳಿಸಿಕೊಂಡರು. ನಾನು ಲೋಟ ತಂದಿಟ್ಟೆ. ಅವರು ನಗಲಿಲ್ಲ.

ನನಗೆ ಪರಿಹಾರ ಬೇಡ, ಹೊಸ ಟ್ಯಾಬೂ ಬೇಡ. ಬರುವ ಶನಿವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗೆ ಬನ್ನಿ. ಬಳಕೆದಾರರ ಜವಾಬ್ದಾರಿ ಎಂದರೇನು ಎಂದು ಅವರ ಎದುರು ಕುಳಿತು ನೀವೇ ಹೇಳಿ. ಹೆದರಬೇಡಿ, ಅವರು ತಿರುಗಿ ಒಂದು ಮಾತೂ ಆಡುವುದಿಲ್ಲ.

ಇಂತಿ,
ನಿಮ್ಮ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ
ಲೋಲಾಕ್ಷಿ
ಡೊಂಬಿವಲಿ ಎಂಐಡಿಸಿ