ದೇವಿಯ ಪಾಲು ತೆಗೆದಿಟ್ಟು

ಕನೌಜ್, ಸೋಮವಾರ

ಅವ್ವಾ, ಈ ಅತ್ತರು ಭಟ್ಟಿಯಲ್ಲಿ ಇವತ್ತು ಕೆಲಸ ಕಲಿಸುವ ಉಸ್ತಾದರಿಂದ ಬೈಸಿಕೊಂಡೆ. ಮಲ್ಲಿಗೆ ಮೊಗ್ಗಿನ ರಾಶಿ ಮೂಸಿ ಹದವಾಗಿದೆಯೇ ಎಂದು ಹೇಳಬೇಕಿತ್ತು. ನಾನು ಉಸಿರು ಬಿಗಿಹಿಡಿದು ನಿಂತೆ. ಬನಶಂಕರಿ ಗುಡಿ ಮುಂದೆ ಮಾಲೆ ಕಟ್ಟುವಾಗ ನೀನು ಕಲಿಸಿದ್ದು ಅದೇ ತಾನೆ: "ಮೂಸಬ್ಯಾಡ, ಎಂಜಲಾಗ್ತೈತಿ. ದೇವಿಗಿ ಏರ್ಸೂ ಹೂವದು."

ಉಸ್ತಾದರಿಗೆ ಈ ಕಾರಣ ಹೇಳಿದೆ. ಅವರು ನಗಲಿಲ್ಲ. ಒಂದು ಬೊಗಸೆ ಮೊಗ್ಗು ಬೇರೆ ತೆಗೆದಿಟ್ಟು, "ಇದು ನಿಮ್ಮ ದೇವಿಯದು. ಇನ್ನು ಮೂಸು" ಎಂದರು. ಕಿತ್ತ ಮೇಲೂ ಮೊಗ್ಗು ಗಂಟೆಗಟ್ಟಲೆ ತನ್ನೊಳಗೆ ಹೊಸ ಪರಿಮಳ ತಯಾರಿಸುತ್ತಲೇ ಇರುತ್ತದಂತೆ, ಮೂಸಿದರೆ ತೀರುವುದಿಲ್ಲವಂತೆ.

ಆರೋಗ್ಯವಾಗಿದ್ದೇನೆ, ಜೋಳದ ರೊಟ್ಟಿ ಮಾತ್ರ ಸಿಗದು. ಕಾರ್ಡಿನಲ್ಲಿ ಜಾಗ ಮುಗಿಯಿತು. ಮೂವತ್ತು ವರ್ಷ ಮಲ್ಲಿಗೆ ಮಾರಿದವಳು ನೀನು. ಇದು ತಲುಪಿದ ದಿನ ದೇವಿಯ ಮಾಲೆ ಕೊಟ್ಟ ಮೇಲೆ ಒಂದು ಮೊಗ್ಗು ನೀನೂ ಮೂಸವ್ವಾ.

ರೋಹಿಣಿ