ಮೂರನೇ ಹಾಸಿಗೆಯ ಇಸ್ಪೀಟು

ಮಾರ್ಚ್ 3, ಬೆಳಗ್ಗೆ 10
ಮತ್ತೆ ಅದೇ ವಾರ್ಡು, ಅದೇ ನಲವತ್ತೆರಡು ಪ್ರಶ್ನೆಗಳ ಫಾರಂ. ವಾಸಿಯಾಗದವರ ಕೊನೆಯ ದಿನಗಳಿಗೆ ಏನು ಬೇಕು — ಅದೇ ನನ್ನ ಸಂಶೋಧನೆ. ಡಾಕ್ಟರಿಗೆ ನಾನೆಂದರೆ ತಮಾಷೆ. “ಸಮಾಜಶಾಸ್ತ್ರ ಮೇಡಂ, ನಿಮ್ಮ ಶಾಸ್ತ್ರದಿಂದ ಯಾರ ನೋವಾದ್ರೂ ಕಮ್ಮಿ ಆಯ್ತಾ?” ನಕ್ಕೆ. ಫಾರಂ ಎತ್ತಿಕೊಂಡು ಮುಂದಿನ ಹಾಸಿಗೆಗೆ ನಡೆದೆ.

ಮಾರ್ಚ್ 4
ಮೂರನೇ ಹಾಸಿಗೆ. ಬಸ್ ಓಡಿಸಿ ರಿಟೈರಾದ ಅಜ್ಜ. ಬೆಳಗಿನ ಔಷಧಿ ತಕರಾರಿಲ್ಲದೆ ನುಂಗುತ್ತಾರೆ, ರಾತ್ರಿಯದೂ. ಮಧ್ಯಾಹ್ನ ಮೂರರದು ಮಾತ್ರ ಬೇಡ. ಹಲ್ಲು ಕಚ್ಚಿ ನರಳುತ್ತಾರೆ, ಬಾಯಿ ತೆರೆಯುವುದಿಲ್ಲ. ಚಾರ್ಟಿನಲ್ಲಿ ಕೆಂಪು ಶಾಯಿ: ‘ಸಹಕರಿಸುವುದಿಲ್ಲ’.
“ಮನಃಶಾಂತಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?”
“ಪರೀಕ್ಷೆ ಬಿಟ್ಟು ಅರವತ್ತು ವರ್ಷ ಆಯ್ತು, ತಾಯಿ.”
ಉಳಿದ ನಲವತ್ತೊಂದಕ್ಕೆ ಅಲ್ಲೇ ಎಳ್ಳುನೀರು.

ಮಾರ್ಚ್ 7, ಸಂಜೆ
ಫಾರಂ ಬ್ಯಾಗಿಗೆ ಹಾಕಿ ಸುಮ್ಮನೆ ಕೂತೆ. ನಾಲ್ಕಕ್ಕೆ ಅಜ್ಜನ ಹೆಂಡತಿ ಬಂದರು. ಚೀಲದಿಂದ ಇಸ್ಪೀಟು ಹೊರಗೆ. ಒಂದು ಗಂಟೆ ಯುದ್ಧ.
“ನೀನು ಎಲೆ ಕದ್ದೆ!”
“ನಿಮ್ಮ ಕಣ್ಣು ಮಂಜು!”
ಆಕೆ ಹೋದ ಮೇಲೆ ಅಜ್ಜ ಪಿಸುಗುಟ್ಟಿದರು: “ಆ ಔಷಧಿ ಕುಡಿದ್ರೆ ಮಂಪರು. ನಾನು ತೂಕಡಿಸಿದ್ರೆ ಇವಳು ಜೋಕರ್‌ನೂ ಬಿಡಲ್ಲ.”
“ಡಾಕ್ಟರಿಗೆ ಹೇಳಬಾರದಿತ್ತಾ?”
“ನೋವು ಎಷ್ಟು ಅಂತ ಕೇಳಿದ್ರು. ಯಾಕೆ ಬೇಡ ಅಂತ ಕೇಳ್ಲೇ ಇಲ್ವಲ್ಲ.”

ಮಾರ್ಚ್ 8
ಡಾಕ್ಟರಿಗೆ ಹೇಳಿದೆ. ಪೆನ್ನು ತೆಗೆದರು. “ಚಾರ್ಟಲ್ಲಿ ಏನಂತ ಬರೀಲಿ? ಹೆಂಡತಿ ಆಟದಲ್ಲಿ ಮೋಸ ಮಾಡ್ತಾರೆ ಅಂತಾನಾ?”
ಕೊನೆಗೆ ಮೂರರ ಔಷಧಿ ಬೆಳಗಿನ ಹನ್ನೊಂದಕ್ಕೆ ಸರಿಯಿತು, ಮಂಪರು ಬರದಷ್ಟು ಕಡಿಮೆ. ಉಳಿದದ್ದು ಆಟ ಮುಗಿದ ಮೇಲೆ.

ಮಾರ್ಚ್ 12
ಅಜ್ಜ ನರಳುತ್ತಿಲ್ಲ. ನರಳುತ್ತಿರುವುದು ಹೆಂಡತಿ... ಸತತ ಮೂರು ಸೋಲು.

ಮಾರ್ಚ್ 29
ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ. ಹದಿನೇಳರಂದು ಅಜ್ಜ ಹೋದರು. ಇವತ್ತು ಅವರ ಹೆಂಡತಿ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಲು ಬಂದಿದ್ದರು.
“ಕೊನೇ ಆಟ ಅವರೇ ಗೆದ್ದರಮ್ಮ.”
“ನೀವೇ ಬಿಟ್ಟುಕೊಟ್ಟಿರಾ?”
“ನಾನ್ಯಾಕೆ ಬಿಡ್ಲಿ? ಎರಡು ಎಲೆ ಕದ್ದಿದ್ದೆ. ಆದ್ರೂ ಗೆದ್ದರು, ಆ ಮನುಷ್ಯ!” ನಗುತ್ತ ಶುರು ಮಾಡಿದವರು ಹಾಗೇ ಅತ್ತುಬಿಟ್ಟರು. ನಾನೂ.
ಅಷ್ಟರಲ್ಲಿ ಡಾಕ್ಟರ್, ಬಾಗಿಲಲ್ಲಿ. “ಏಳನೇ ಹಾಸಿಗೆ ಅಜ್ಜಿ ಊಟ ಬಿಟ್ಟಿದ್ದಾರೆ. ಕಾರಣ ಸಿಗ್ತಿಲ್ಲ. ಸ್ವಲ್ಪ ಹೊತ್ತು ಕೂತ್ಕೊಳ್ತೀರಾ?”
ಹೋಗಿ ಕುರ್ಚಿ ಎಳೆದುಕೊಂಡೆ. ಅಜ್ಜಿ ಒಂದು ಕಣ್ಣು ಬಿಟ್ಟರು. “ನಿಂದಾಯ್ತೇನೇ ಊಟ?”
ಇಲ್ಲ ಅಂದೆ.
“ಮತ್ತೆ? ಎರಡು ತಟ್ಟೆ ತರಿಸು. ಒಬ್ಬಳೇ ಉಂಡು ಅಭ್ಯಾಸ ಇಲ್ಲ ನಂಗೆ.”
ಎರಡು ತಟ್ಟೆ ಬಂದವು. ಅಜ್ಜಿ ಒಂದು ತುತ್ತು ಬಾಯಿಗಿಟ್ಟರು. ಎರಡನೆಯದು ನನ್ನ ಬಾಯಿಗೆ.